ಕೆಡದ ಫೋನಿಗೆ ಕಡ್ಡಾಯ ನಿವೃತ್ತಿ ಏಕೆ?

ಕಳೆದ ತಿಂಗಳು ನನ್ನ ಮೊಬೈಲಿನಲ್ಲಿ ಬ್ಯಾಂಕಿನ ಆ್ಯಪ್ ತೆರೆಯಲು ಹೋದಾಗ, ಈ ಸಾಧನದಲ್ಲಿ ಸೇವೆ ಲಭ್ಯವಿಲ್ಲ ಎಂಬ ಒಂದು ಸಾಲಿನ ಸಂದೇಶ ಮೂಡಿತು. ಏಳು ವರ್ಷ ಬಳಸಿದ ಫೋನು. ಪರದೆ ಬಿರುಕು ಬಿಟ್ಟಿಲ್ಲ, ಮಾತು ಸ್ಪಷ್ಟವಾಗಿ ಕೇಳುತ್ತದೆ, ಬದಲಿಸಿದ ಬ್ಯಾಟರಿ ರಾತ್ರಿಯವರೆಗೂ ಬರುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯ ರಿಪೇರಿ ಅಂಗಡಿಗೆ ಒಯ್ದೆ. ಅಲ್ಲಿನ ಯುವಕ ಹಿಂದೆ ಮುಂದೆ ತಿರುಗಿಸಿ ನೋಡಿ, ‘ಫೋನ್ ಚೆನ್ನಾಗೇ ಇದೆ ಸಾರ್. ಕಂಪನಿಯವರು ಅಪ್‌ಡೇಟ್ ನಿಲ್ಲಿಸಿದ್ದಾರೆ. ಹೊಸದು ತಗೊಳ್ಳಿ’ ಎಂದ.

ಸರ್ಕಾರಿ ಕಚೇರಿಯಲ್ಲಿ ಮುರಿದ ಕುರ್ಚಿಯೊಂದನ್ನು ವಿಲೇವಾರಿ ಮಾಡಬೇಕಾದರೂ ಅದು ದುರಸ್ತಿಗೆ ಯೋಗ್ಯವಲ್ಲವೆಂದು ದೃಢೀಕರಿಸಬೇಕು. ಈ ಪದ್ಧತಿಯನ್ನು ನಾವು ಎಷ್ಟೋ ಸಲ ಲೇವಡಿ ಮಾಡಿದ್ದುಂಟು. ಆದರೆ ಕೋಟ್ಯಂತರ ಫೋನುಗಳು ಯಾವ ಪರೀಕ್ಷೆಯೂ ಇಲ್ಲದೆ ಅನುಪಯುಕ್ತವಾಗುತ್ತಿರುವುದನ್ನು ಕಂಡಾಗ, ಆ ಕುರ್ಚಿಗೆ ಸಿಕ್ಕ ನ್ಯಾಯ ದೊಡ್ಡದೆನಿಸುತ್ತದೆ.

ಜನ ಪದೇ ಪದೇ ಫೋನು ಬದಲಿಸುವುದು ಬರಿಯ ಷೋಕಿಗೆ ಎಂಬುದು ಸಾಮಾನ್ಯ ಅಭಿಪ್ರಾಯ. ಆಡಂಬರದ ಅನುಭೋಗವನ್ನು ಅರ್ಥಶಾಸ್ತ್ರಜ್ಞ ವೆಬ್ಲೆನ್ 1899ರಷ್ಟು ಹಿಂದೆಯೇ ವಿಶ್ಲೇಷಿಸಿದ್ದರು. ಅದರಲ್ಲಿ ಸತ್ಯಾಂಶವಿಲ್ಲದಿಲ್ಲ. ಆದರೆ ವಸ್ತುವಿನ ಆಯುಷ್ಯವನ್ನು ತಯಾರಕರೇ ಮೊಟಕುಗೊಳಿಸಿದ ಚರಿತ್ರೆಯೂ ಇದೆ. 1924ರಲ್ಲಿ ಪ್ರಮುಖ ವಿದ್ಯುದ್ದೀಪ ಕಂಪನಿಗಳು ಕೂಟ ಕಟ್ಟಿಕೊಂಡು ಬಲ್ಬಿನ ಬಾಳಿಕೆಯನ್ನು 1,000 ಗಂಟೆಗೆ ಇಳಿಸಿದವು. ಇಂದು ತಂತಿಯನ್ನು ತೆಳುವಾಗಿಸಬೇಕಿಲ್ಲ; ತಂತ್ರಾಂಶದ ನವೀಕರಣ ನಿಲ್ಲಿಸಿದರೆ ಸಾಕು.

ಹಳೆಯ ತಂತ್ರಾಂಶ ಸುರಕ್ಷಿತವಲ್ಲ, ಆದ್ದರಿಂದ ಬ್ಯಾಂಕು ನಿರಾಕರಿಸಿದ್ದು ತಪ್ಪಲ್ಲ ಎಂಬ ವಾದವನ್ನು ಒಪ್ಪುತ್ತೇನೆ. ಸುರಕ್ಷತೆಗೆ ವೆಚ್ಚವಿದೆ ಎಂಬುದೂ ನಿಜ. ಹಾಗಿದ್ದಲ್ಲಿ ಆ ಅವಧಿ ಎಷ್ಟೆಂಬುದನ್ನು ಕೊಳ್ಳುವಾಗಲೇ ತಿಳಿಸಬೇಡವೇ? ಹತ್ತು ರೂಪಾಯಿಯ ಮಾತ್ರೆಯ ಹಾಳೆಯ ಮೇಲೂ ಮುಕ್ತಾಯದ ದಿನಾಂಕವಿರುತ್ತದೆ.

ದೀರ್ಘಾವಧಿ ಬೆಂಬಲ ಅಸಾಧ್ಯವೇನಲ್ಲ. 2023ರಲ್ಲಿ ಗೂಗಲ್, 2024ರಲ್ಲಿ ಸ್ಯಾಮ್‌ಸಂಗ್ ತಮ್ಮ ಉನ್ನತ ಶ್ರೇಣಿಯ ಫೋನುಗಳಿಗೆ 7 ವರ್ಷಗಳ ನವೀಕರಣ ಘೋಷಿಸಿದವು. ಅಗ್ಗದ ಫೋನುಗಳಿಗೆ ಸಾಮಾನ್ಯವಾಗಿ ಈ ಭಾಗ್ಯವಿಲ್ಲ. ₹15,000ದ ಫೋನು ಮೂರು ವರ್ಷ ಬಾಳಿದರೆ ವರ್ಷಕ್ಕೆ ₹5,000 ಬೀಳುತ್ತದೆ; ಆರು ವರ್ಷ ಬಾಳಿದರೆ ಅದರ ಅರ್ಧ. ಈ ವ್ಯತ್ಯಾಸ ಉಳ್ಳವರಿಗೆ ಲೆಕ್ಕಕ್ಕಿಲ್ಲದಿರಬಹುದು, ಮನೆಗೆಲಸದ ಹೆಣ್ಣುಮಗಳಿಗೆ ಹಾಗಲ್ಲ. ಪರಿಸರದ ಲೆಕ್ಕವೂ ಇದೆ. 2022ರಲ್ಲಿ ಜಗತ್ತು ಸೃಷ್ಟಿಸಿದ ಇ-ತ್ಯಾಜ್ಯ 6.2 ಕೋಟಿ ಟನ್. ಅದರಲ್ಲಿ ಕ್ರಮಬದ್ಧವಾಗಿ ಸಂಗ್ರಹಗೊಂಡು ಮರುಬಳಕೆಗೆ ಹೋದದ್ದು ಕಾಲುಭಾಗಕ್ಕಿಂತ ಕಡಿಮೆ.

ಯೂರೋಪಿಯನ್ ಒಕ್ಕೂಟ 2025ರ ಜೂನ್ 20ರಿಂದ ಜಾರಿಗೆ ತಂದ ನಿಯಮದ ಪ್ರಕಾರ, ಹೊಸದಾಗಿ ಮಾರುಕಟ್ಟೆಗೆ ಬರುವ ಫೋನಿನ ಮಾರಾಟ ನಿಂತ ಮೇಲೂ ಕನಿಷ್ಠ 5 ವರ್ಷ ನವೀಕರಣ ನೀಡಬೇಕು, 7 ವರ್ಷ ಮುಖ್ಯ ಬಿಡಿಭಾಗಗಳು ದೊರೆಯಬೇಕು. ನಮ್ಮಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ದುರಸ್ತಿ ಹಕ್ಕಿನ ಪೋರ್ಟಲ್ ತೆರೆಯಿತು. 2024ರಲ್ಲಿ ನೇಮಿಸಿದ ದುರಸ್ತಿ ಸೂಚ್ಯಂಕ ಸಮಿತಿ 2025ರಲ್ಲಿ ವರದಿ ಸಲ್ಲಿಸಿತು. ವರದಿಗಳು ಕಪಾಟು ಸೇರುವ ಬಗೆಯನ್ನು ಕಡತಗಳ ನಡುವೆ ಬದುಕಿದ ನಾನು ಬಲ್ಲೆ. ಇದಕ್ಕೆ ಆ ಗತಿ ಬಾರದಿರಲಿ.

ಆಗಬೇಕಾದದ್ದು ಬಹಳವೇನಿಲ್ಲ. ನವೀಕರಣದ ಕೊನೆಯ ದಿನಾಂಕವನ್ನು ಪೆಟ್ಟಿಗೆಯ ಮೇಲೆ ಮುದ್ರಿಸುವುದು ಕಡ್ಡಾಯವಾಗಲಿ. ಅಗ್ಗದ ಫೋನಿಗೂ ಕನಿಷ್ಠ ಅವಧಿ ನಿಗದಿಯಾಗಲಿ. ಪಿಂಚಣಿ, ಪಡಿತರದಂತಹ ಸೇವೆಗಳನ್ನು ಆ್ಯಪ್‌ಗೆ ತರುವ ಸರ್ಕಾರ, ಹಳೆಯ ಫೋನಿನವರಿಗೆ ಬೇರೊಂದು ದಾರಿಯನ್ನೂ ತೆರೆದಿಡಲಿ.

ನಾನು ಸೇವೆಗೆ ಸೇರಿದ ದಿನವೇ ನಿವೃತ್ತಿಯ ವಯಸ್ಸು ನಿಯಮದಲ್ಲಿ ಸ್ಪಷ್ಟವಾಗಿತ್ತು. ಮುಂದೆ ಅದು ಎರಡು ವರ್ಷ ಹೆಚ್ಚಿತೇ ಹೊರತು, ಹೇಳದೆ ಕೇಳದೆ ಕಡಿಮೆಯಾಗಲಿಲ್ಲ. ದುಡ್ಡು ಕೊಟ್ಟು ಕೊಂಡ ಫೋನಿನ ವಿಷಯದಲ್ಲಿ ಗ್ರಾಹಕ ಕೇಳುತ್ತಿರುವುದೂ ಅಷ್ಟನ್ನೇ.