ಹುಲಿಗೆಂದು ಕಟ್ಟಿದ ಕ್ಯಾಮೆರಾದಲ್ಲಿ ಮನುಷ್ಯರು

ಕಾಡಿನಲ್ಲಿ ಕ್ಯಾಮೆರಾ ಕಟ್ಟುವುದು ಅರ್ಧ ವಿಜ್ಞಾನವಾದರೆ ಇನ್ನರ್ಧ ಮೈಮುರಿಯುವ ದುಡಿಮೆ. ಜೀಪು ಹೋಗುವಷ್ಟು ದೂರ ಜೀಪು, ಅಲ್ಲಿಂದ ಮುಂದೆ ನಡಿಗೆ. ಹಳೆಯ ಕೂಪು ರಸ್ತೆ, ಹಳ್ಳದ ದಂಡೆ, ಎರಡು ದಾರಿ ಕೂಡುವ ಜಾಗ ಹೀಗೆ ಹುಲಿ ಓಡಾಡುವ ಜಾಡು ನೋಡಿ, ದಾರಿಯ ಆ ಬದಿಗೊಂದು ಈ ಬದಿಗೊಂದು ಪೆಟ್ಟಿಗೆಯನ್ನು ಮರಕ್ಕೋ ಗೂಟಕ್ಕೋ ಬಿಗಿಯುತ್ತಾರೆ. ಹುಲಿಯ ಎಡಮೈಯ ಪಟ್ಟೆಗೂ ಬಲಮೈಯ ಪಟ್ಟೆಗೂ ಹೋಲಿಕೆ ಇರುವುದಿಲ್ಲ. ಎರಡೂ ಬದಿಯ ಚಿತ್ರ ಒಟ್ಟಿಗೆ ಸಿಗದಿದ್ದರೆ ಒಂದೇ ಹುಲಿಯನ್ನು ಎರಡೆಂದು ಎಣಿಸಿಬಿಡುವ ಅಪಾಯವಿದೆ. ಪೆಟ್ಟಿಗೆ ಕಟ್ಟುವ ಎತ್ತರ ಹೆಚ್ಚುಕಡಿಮೆ ಮೊಣಕಾಲಿನ ಮಟ್ಟ. ಕಟ್ಟಿದ ಮೇಲೆ ವಾಚರ್ ಒಬ್ಬರು ನೆಲಕ್ಕೆ ಕೈಯೂರಿ ಹುಲಿಯ ಹಾಗೆ ಮುಂದೆ ಹಾದುಹೋಗುತ್ತಾರೆ. ಪುಟ್ಟ ದೀಪ ಮಿನುಗಿದರೆ ಸರಿ. ಮಿನುಗದಿದ್ದರೆ ಪೆಟ್ಟಿಗೆಯ ಹಿಂದೆ ಒಂದು ಕಡ್ಡಿ ಸಿಗಿಸಿ ಕೋನ ಬದಲಿಸಿ, ಮತ್ತೊಮ್ಮೆ ಅಂಬೆಗಾಲು.

ಆಮೇಲಿನದು ಬ್ಯಾಟರಿಯ ಪಾಡು. ಈ ಕ್ಯಾಮೆರಾದ ಸೆನ್ಸರ್ ಕಣ್ಣಿನಂತೆ ನೋಡುವುದಿಲ್ಲ. ಎದುರಿನ ಬಿಸಿಯಲ್ಲಿ ಆಗುವ ಚಲನೆಯನ್ನು ಹಿಡಿಯುತ್ತದೆ. ಬಿಸಿಲಿಗೆ ಕಾದ ಹುಲ್ಲು ಗಾಳಿಗೆ ತೂಗಿದರೂ ಸಾಕು, ಹುಲಿ ಬಂತೆಂದು ಭ್ರಮಿಸಿ ಚಿತ್ರದ ಮೇಲೆ ಚಿತ್ರ ತೆಗೆದು ಬ್ಯಾಟರಿ ಬರಿದುಮಾಡುತ್ತದೆ. ಆದ್ದರಿಂದ ಮುಂದಿನ ಹುಲ್ಲು, ಲಂಟಾನದ ಕೊಂಬೆ ಎಲ್ಲವನ್ನೂ ಸವರಬೇಕು. ಕಡುಬೇಸಿಗೆಯಲ್ಲಿ ಸುತ್ತಲ ಗಾಳಿಯೇ ಪ್ರಾಣಿಯ ಮೈಯಷ್ಟು ಬಿಸಿಯಾದಾಗ ಎದುರಿಗೆ ಬಂದ ಪ್ರಾಣಿಯೇ ತಪ್ಪಿಹೋಗುವುದೂ ಉಂಟು. ಅಗ್ಗದ ಆಲ್ಕಲೈನ್ ಸೆಲ್ಲಿನ ವೋಲ್ಟೇಜು ದಿನದಿಂದ ದಿನಕ್ಕೆ ಇಳಿಯುತ್ತದೆ, ರಾತ್ರಿಯ ಫ್ಲಾಷು ಮಂಕಾಗುತ್ತದೆ. ಲಿಥಿಯಂ ಸೆಲ್ಲು ಕೊನೆಯವರೆಗೂ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ದುಡಿಯುತ್ತದೆ, ಬೆಲೆಯೂ ಅದಕ್ಕೆ ತಕ್ಕಂತೆ ಹೆಚ್ಚು. ಇಷ್ಟೆಲ್ಲ ಮಾಡಿ ಬಂದ ಮೇಲೆ ಆನೆಗೆ ಆ ಪೆಟ್ಟಿಗೆ ಇಷ್ಟವಾಗದಿದ್ದರೆ ಮುಗಿಯಿತು.

ಈ ವಿದ್ಯೆಗೂ ಕರ್ನಾಟಕಕ್ಕೂ ಹಳೆಯ ನಂಟು. 1920ರ ದಶಕದಲ್ಲೇ ಅರಣ್ಯಾಧಿಕಾರಿ ಎಫ್. ಡಬ್ಲ್ಯೂ. ಚಾಂಪಿಯನ್ ಉತ್ತರ ಭಾರತದ ಕಾಡುಗಳಲ್ಲಿ ದಾರಿಗೆ ಅಡ್ಡಲಾಗಿ ತಂತಿ ಕಟ್ಟಿ, ಹುಲಿ ತನ್ನ ಚಿತ್ರವನ್ನು ತಾನೇ ತೆಗೆದುಕೊಳ್ಳುವಂತೆ ಮಾಡಿದ್ದರು. ಆದರೆ ಇಂಥ ಚಿತ್ರಗಳನ್ನು ಲೆಕ್ಕವಾಗಿಸಿದ್ದು ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತ. 90ರ ದಶಕದ ಮೊದಲಲ್ಲಿ ನಾಗರಹೊಳೆಯಲ್ಲಿ ಸಿಕ್ಕ ಚಿತ್ರಗಳ ಪಟ್ಟೆ ಹೋಲಿಸಿ ಹುಲಿಗಳ ಸಂಖ್ಯೆ ಅಂದಾಜಿಸುವ ವಿಧಾನವನ್ನು ಅವರು 1995ರಲ್ಲಿ ಪ್ರಕಟಿಸಿದರು. ಹೆಜ್ಜೆ ಗುರುತು ನೋಡಿ ಎಣಿಸುವ ಹಳೆಯ ಪದ್ಧತಿ ಕೊನೆಗೆ ಹಿಂದೆ ಸರಿಯಿತು. 2018ರ ರಾಷ್ಟ್ರೀಯ ಹುಲಿ ಗಣತಿಯಲ್ಲಿ 26,838 ಜಾಗಗಳಲ್ಲಿ ಕ್ಯಾಮೆರಾ ಕಟ್ಟಲಾಯಿತು, ಗಿನ್ನೆಸ್ ದಾಖಲೆಯೂ ಆಯಿತು. ತೆಗೆದ ಚಿತ್ರಗಳು 3 ಕೋಟಿ 48 ಲಕ್ಷಕ್ಕೂ ಹೆಚ್ಚು. ಅದರಲ್ಲಿ ಹುಲಿಯವು 76,651.

ಅಂದರೆ ಸಾವಿರ ಚಿತ್ರಕ್ಕೆ ಎರಡು! ಮಿಕ್ಕವುಗಳಲ್ಲಿ ಬೇರೆ ಕಾಡುಪ್ರಾಣಿಗಳ ಪಾಲು ದೊಡ್ಡದು, ನಿಜ. ಆದರೆ ಸೆನ್ಸರಿಗೆ ಹುಲಿಯ ಬಿಸಿಯೂ ಒಂದೇ, ಸೌದೆ ಹೊತ್ತವಳ ಬಿಸಿಯೂ ಒಂದೇ. ಹಾದುಹೋದವರೆಲ್ಲರ ಚಿತ್ರವೂ ಮೆಮೊರಿ ಕಾರ್ಡಿನಲ್ಲಿ ಕೂರುತ್ತದೆ. ಹುಲಿಯ ಚಿತ್ರಕ್ಕೆ ಸಂಖ್ಯೆ ಕೊಟ್ಟು, ದಾಖಲಿಸಿ, ಜೋಪಾನ ಮಾಡುವ ವ್ಯವಸ್ಥೆಗೆ ಮನುಷ್ಯರ ಚಿತ್ರದ ವಿಷಯದಲ್ಲೂ ಅಷ್ಟೇ ಸ್ಪಷ್ಟವಾದ ಶಿಸ್ತು ಬೇಕಲ್ಲವೇ?

ಈ ಶಿಸ್ತು ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಉತ್ತರಾಖಂಡದ ಕಾರ್ಬೆಟ್ ಕಾಡು ಸಾಕ್ಷಿ. ಕೇಂಬ್ರಿಜ್ ವಿಶ್ವವಿದ್ಯಾಲಯದ ಸಂಶೋಧಕ ತ್ರಿಶಾಂತ್ ಸಿಮ್ಲಾಯ್ ಆ ಕಾಡಂಚಿನ 270 ಜನರನ್ನು ಮಾತಾಡಿಸಿ ನಡೆಸಿದ ಅಧ್ಯಯನ 2024ರಲ್ಲಿ ಹೊರಬಂತು. ಬಹಿರ್ದೆಸೆಗೆ ಹೋಗಿದ್ದ ಮಹಿಳೆಯೊಬ್ಬರ ಚಿತ್ರ ಕ್ಯಾಮೆರಾದಲ್ಲಿ ಸೆರೆಯಾಗಿ, ಸ್ಥಳೀಯ ವಾಟ್ಸ್‌ಆ್ಯಪ್, ಫೇಸ್‌ಬುಕ್ ಗುಂಪುಗಳಲ್ಲಿ ಹರಿದಾಡಿತ್ತು. ಕೆರಳಿದ ಊರವರು ಕ್ಯಾಮೆರಾಗಳನ್ನು ಒಡೆದರು. ಅದಕ್ಕಿಂತಲೂ ಮನಸ್ಸಿಗೆ ನಾಟುವ ಸಂಗತಿ ಇನ್ನೊಂದಿದೆ. ಅಲ್ಲಿನ ಹೆಂಗಸರು ಹುಲ್ಲು, ಸೌದೆಗೆ ಹೋದಾಗ ಆನೆ, ಹುಲಿ ದೂರ ಸರಿಯಲೆಂದು ಗಟ್ಟಿಯಾಗಿ ಹಾಡಿಕೊಳ್ಳುತ್ತಾರೆ. ಕ್ಯಾಮೆರಾ ಬಂದ ಮೇಲೆ ದನಿ ತಗ್ಗಿತು. ಕಣ್ತಪ್ಪಿಸಲು ಕೆಲವರು ಗುರುತಿಲ್ಲದ ಒಳದಾರಿ ಹಿಡಿದರು. ವನ್ಯಜೀವಿಯನ್ನು ಕಾಯಲೆಂದು ಕಟ್ಟಿದ ಸಾಧನವೇ ಮನುಷ್ಯರನ್ನು ಅದೇ ವನ್ಯಜೀವಿಯ ಬಾಯಿಗೆ ಹತ್ತಿರ ಮಾಡಿತು.

ಇದು ದೂರದ ಕಥೆಯೆಂದು ಕೈಬಿಡುವಂತಿಲ್ಲ. ನಾಗರಹೊಳೆಯ ಅಂಚಿನಲ್ಲಿ ಜೇನುಕುರುಬರ ಹಾಡಿಗಳಿವೆ. ಬಿಳಿಗಿರಿರಂಗನ ಬೆಟ್ಟದ ಪೋಡುಗಳ ಸೋಲಿಗರಿಗೆ 2011ರಲ್ಲಿ ಸಮುದಾಯ ಅರಣ್ಯ ಹಕ್ಕು ಸಿಕ್ಕಿದೆ. ಹುಲಿ ಮೀಸಲು ಪ್ರದೇಶದೊಳಗೆ ಆ ಹಕ್ಕು ಪಡೆದವರಲ್ಲಿ ಅವರೇ ಮೊದಲಿಗರು. ಜೇನಿಗೆ, ನೆಲ್ಲಿಕಾಯಿಗೆ ಅವರು ನಡೆಯುವ ದಾರಿಯಲ್ಲೇ ಹುಲಿಯೂ ನಡೆಯುತ್ತದೆ. ಖಾಸಗಿತನ ಮೂಲಭೂತ ಹಕ್ಕು ಎಂದು 2017ರಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ ಅವರ ಅರ್ಜಿಯ ಮೇಲೆ. ಆ ಹಕ್ಕು ಅರಣ್ಯದ ಚೆಕ್‌ಪೋಸ್ಟಿನ ಆಚೆಗೂ ನಡೆಯಬೇಕು. ಕೊಡಗಿನಲ್ಲೋ ಮಲೆನಾಡಿನಲ್ಲೋ ಕಾಳುಮೆಣಸಿನ ಕಳ್ಳರಿಗೆ ಹೆದರಿ ಸಿಮ್ ಹಾಕಿದ ಕ್ಯಾಮೆರಾ ತರುವ ತೋಟದ ಮಾಲೀಕರಿಗೂ ಇದೇ ಮಾತು: ಅದರ ಮುಖ ಮೆಣಸಿನ ಬಳ್ಳಿಯ ಕಡೆಗಿರಲಿ, ಕಾರ್ಮಿಕರ ಲೈನ್ ಮನೆಯ ಹಿತ್ತಲಿನ ಕಡೆಗಲ್ಲ.

ಕ್ಯಾಮೆರಾ ಬೇಡ ಎನ್ನುವುದು ಮೂರ್ಖತನ. ಅದಿಲ್ಲದೆ 2022ರ ಗಣತಿಯಲ್ಲಿ ಕರ್ನಾಟಕದಲ್ಲಿ 563 ಹುಲಿಗಳಿವೆ ಎಂದು ಹೇಳಲು ಆಧಾರವೇ ಇರುತ್ತಿರಲಿಲ್ಲ. ಕೆಲವು ಹೊಸ ಕ್ಯಾಮೆರಾಗಳು ಮನುಷ್ಯ ಕಂಡೊಡನೆ ಅಧಿಕಾರಿಯ ಮೊಬೈಲಿಗೆ ಚಿತ್ರ ಕಳಿಸುತ್ತವೆ. ಕಳ್ಳಬೇಟೆ ತಡೆಯಲು ಅದು ಬೇಕು. ಹಾಗೆ ಮನುಷ್ಯರನ್ನೇ ಹುಡುಕಲು ಇಟ್ಟ ಕ್ಯಾಮೆರಾಕ್ಕೂ ಹುಲಿ ಎಣಿಸಲು ಇಟ್ಟದ್ದಕ್ಕೂ ನಿಯಮ ಬೇರೆ ಬೇರೆಯಾಗಿರಬೇಕು, ಅಷ್ಟೇ.

ಎಣಿಕೆಯ ಕ್ಯಾಮೆರಾದ ಮಟ್ಟಿಗೆ ಪರಿಹಾರ ಕಷ್ಟದ್ದಲ್ಲ, ಅದು ಕಟ್ಟುವ ಗಳಿಗೆಯಲ್ಲೇ ಶುರುವಾಗುತ್ತದೆ. ಮೊಣಕಾಲೆತ್ತರಕ್ಕೆ ನೇರವಾಗಿ ಕಟ್ಟಿದರೆ ಹತ್ತಿರ ನಡೆದುಹೋಗುವವರ ಮುಖ ಬಹಳಷ್ಟು ಸಲ ಚೌಕಟ್ಟಿನಾಚೆ ಉಳಿಯುತ್ತದೆ. ಮೇಲ್ಮುಖವಾಗಿ ವಾಲಿಸಿದರೆ ಸಿಕ್ಕಿಬೀಳುತ್ತದೆ. ಹೆಂಗಸರು ನೀರಿಗೆ, ಬಹಿರ್ದೆಸೆಗೆ ಹೋಗುವ ಜಾಡು ಯಾವುದೆಂದು ಹಾಡಿಯವರನ್ನೇ ಕೇಳಿ ಅದನ್ನು ಬಿಟ್ಟು ಕಟ್ಟಬಹುದು. ಪ್ರಾಣಿ, ಮನುಷ್ಯ, ವಾಹನ ಎಂದು ಚಿತ್ರಗಳನ್ನು ತಾನಾಗಿ ಬೇರ್ಪಡಿಸುವ ಮೆಗಾಡಿಟೆಕ್ಟರ್‌ನಂಥ ಉಚಿತ ತಂತ್ರಾಂಶ ಇದೆ. ಮನುಷ್ಯರ ಬಹುಪಾಲು ಚಿತ್ರಗಳನ್ನು ಯಾರೂ ತೆರೆದು ನೋಡುವ ಮೊದಲೇ ಅಳಿಸಿಹಾಕಲು ಅದು ನೆರವಾಗುತ್ತದೆ. ಕಾರ್ಡು ತೆಗೆದವರು ಯಾರು, ಕೊಟ್ಟದ್ದು ಯಾರಿಗೆ ಎಂದು ಸಹಿ ಹಾಕುವ ಒಂದು ಪುಸ್ತಕ ಇಟ್ಟರೆ ಚಿತ್ರ ಸೋರಿದ್ದು ಎಲ್ಲೆಂದು ಹುಡುಕಲು ದಾರಿಯಾಗುತ್ತದೆ.

ಹಾಡಿಯವರನ್ನು ಕೇಳಿ ಕಟ್ಟಿದರೆ ಜಾಗ ಊರಿಗೆಲ್ಲ ತಿಳಿದು ಕ್ಯಾಮೆರಾ ಕಳುವಾಗುತ್ತದೆ, ಬೇಟೆಗಾರ ಬೇರೆ ದಾರಿ ಹಿಡಿಯುತ್ತಾನೆ ಎಂದು ಅಧಿಕಾರಿಗಳು ಆಕ್ಷೇಪಿಸಬಹುದು. ಕಳ್ಳತನದ ಭಯ ಸುಳ್ಳಲ್ಲ. ಆದರೆ ಪೆಟ್ಟಿಗೆ ಹೊತ್ತು, ದಾರಿ ತೋರಿಸಿ, ಅದರ ಮುಂದೆ ಅಂಬೆಗಾಲಿಡುವ ವಾಚರ್‌ಗಳಲ್ಲಿ ಎಷ್ಟೋ ಮಂದಿ ಅದೇ ಹಾಡಿ, ಪೋಡುಗಳವರು. ಅವರ ಊರಿಗೆ ಗೊತ್ತಿಲ್ಲದ ಕ್ಯಾಮೆರಾ ಆ ಕಾಡಿನಲ್ಲಿ ಇರುವುದು ಅಷ್ಟರಲ್ಲೇ ಇದೆ.