ಕಡಲಿಗೆ ಪಹಣಿ ಇಲ್ಲ

ಮೈಸೂರಿನಿಂದ ಹೊರಟು ಹುಣಸೂರು, ಪಿರಿಯಾಪಟ್ಟಣ ದಾಟಿ ಮಡಿಕೇರಿ ಘಟ್ಟ ಇಳಿಯುವ ಹೆದ್ದಾರಿ ಕೊನೆಗೆ ಕರಾವಳಿ ಮುಟ್ಟುತ್ತದೆ. ಆದರೂ ಈ ಸೀಮೆಯ ಹೊಗೆಸೊಪ್ಪಿನ ರೈತನಿಗೆ ಕಡಲೆಂದರೆ ಧರ್ಮಸ್ಥಳಕ್ಕೆ ಹೋದವನು ಒಂದು ಸುತ್ತು ನೋಡಿಕೊಂಡು ಬರುವ ಜಾಗ, ಅಷ್ಟೆ. ಆ ನೀರಿನ ನಡುವೆ ಯಾರೋ ಗಾಳಿಯಂತ್ರ ನೆಟ್ಟರೆ ನಮಗೇನು ಎಂದು ಆತ ಕೇಳಿದರೆ ತಪ್ಪಿಲ್ಲ. ಆದರೆ ಕಡಲಗಾಳಿಯ ಜಗಳದ ಗಂಟು ಬಿಚ್ಚಿದರೆ ಒಳಗೆ ಸಿಗುವುದು ಗೋಮಾಳದ ಜಗಳವೇ. ಅದನ್ನು ಎಚ್.ಡಿ. ಕೋಟೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಕೇಂದ್ರ ಸರ್ಕಾರ ಕಡಲ ಪವನ ವಿದ್ಯುತ್ ನೀತಿ ತಂದದ್ದು 2015ರಲ್ಲಿ. 2030ಕ್ಕೆ 30,000 ಮೆಗಾವಾಟ್ ಎಂಬ ದೊಡ್ಡ ಗುರಿಯೂ ಬಂತು. 2024ರ ಜೂನ್‌ನಲ್ಲಿ ಸಚಿವ ಸಂಪುಟ 7,453 ಕೋಟಿ ರೂಪಾಯಿಯ ನೆರವು ಮಂಜೂರು ಮಾಡಿತು: ಗುಜರಾತಿನ ಕಡಲಲ್ಲಿ 500, ತಮಿಳುನಾಡಿನ ಕಡಲಲ್ಲಿ 500 ಮೆಗಾವಾಟ್. ಮರುವರ್ಷದ ಆಗಸ್ಟ್ ಹೊತ್ತಿಗೆ ಕರೆದಿದ್ದ ಟೆಂಡರುಗಳೇ ರದ್ದಾದವು. ನೀತಿ ಬಂದು ಹತ್ತು ವರ್ಷವಾದರೂ ಭಾರತದ ಕಡಲಲ್ಲಿ ಒಂದು ಗಾಳಿಯಂತ್ರವೂ ತಿರುಗಲಿಲ್ಲ. ಇತ್ತ ನೆಲದ ಮೇಲೆ ಕರ್ನಾಟಕವೊಂದೇ 2024–25ರಲ್ಲಿ 1,331 ಮೆಗಾವಾಟ್ ಪವನ ವಿದ್ಯುತ್ ಸಾಮರ್ಥ್ಯ ಸೇರಿಸಿಕೊಂಡು ದೇಶಕ್ಕೆ ಮೊದಲಾಯಿತು.

ಕಡಲಿಗೆ ಇಳಿಯಲು ಖರ್ಚು ಹೆಚ್ಚು ಎಂಬುದು ಒಂದು ತೊಡಕು. ಅದನ್ನು ದುಡ್ಡು ಸುರಿದು ಬಿಡಿಸಬಹುದು. ಇನ್ನೊಂದು ತೊಡಕಿಗೆ ದುಡ್ಡು ಸಾಲದು. ದಡದಿಂದ 12 ನಾಟಿಕಲ್ ಮೈಲಿಯವರೆಗೆ ಮೀನುಗಾರಿಕೆ ರಾಜ್ಯದ ವಿಷಯ, ಅದರಾಚೆ ಕೇಂದ್ರದ್ದು. ಕಡಲತಳವನ್ನು ಗುತ್ತಿಗೆಗೆ ಕೊಡುವ ಅಧಿಕಾರ, 2023ರ ನಿಯಮಗಳ ಪ್ರಕಾರ, ಕೇಂದ್ರದ ನವೀಕರಿಸಬಹುದಾದ ಇಂಧನ ಇಲಾಖೆಯ ಕೈಲಿದೆ. ಯೋಜನೆಗೆ 35 ವರ್ಷದವರೆಗೂ ಗುತ್ತಿಗೆ. ಮೀನಿಗೆ ಈ ಗೆರೆಗಳ ಪರಿವೆಯಿಲ್ಲ, ಅದರ ಹಿಂದೆ ಹೋಗುವ ದೋಣಿಗೂ ಇಲ್ಲ. ಕನ್ಯಾಕುಮಾರಿ ಕಡೆಯ ಮೀನುಗಾರರ ಆತಂಕ ಇಲ್ಲಿಂದಲೇ ಹುಟ್ಟಿದ್ದು. ಕಡಲಲ್ಲಿ ಕಟ್ಟಿದ ಯಾವುದೇ ರಚನೆಯ ಸುತ್ತ 500 ಮೀಟರ್‌ವರೆಗೆ ರಕ್ಷಣಾ ವಲಯ ಗುರುತಿಸಲು ಅಂತರರಾಷ್ಟ್ರೀಯ ಕಾನೂನು ಅವಕಾಶ ಕೊಡುತ್ತದೆ. ಹತ್ತಾರು ಕಂಬ ಎದ್ದರೆ ಬಲೆ ಬೀಸಲು ಉಳಿಯುವುದೆಷ್ಟು? ಅಪ್ಪ, ಅಜ್ಜ ಮೀನು ಹಿಡಿದ ಜಾಗ ಇದು ಎಂದು ತೋರಿಸಲು ಮೀನುಗಾರನ ಬಳಿ ಕಾಗದವೇ ಇಲ್ಲ. ಕಡಲಿಗೆ ಪಹಣಿ ಇಲ್ಲ, ಸರ್ವೆ ನಂಬರೂ ಇಲ್ಲ.

ಕಾಗದವಿಲ್ಲದವನ ಪಾಡು ಏನಾಗುತ್ತದೆಂದು ನೋಡಲು ಕಡಲವರೆಗೂ ಹೋಗಬೇಕಿಲ್ಲ. 1974ರಲ್ಲಿ ಕಬಿನಿ ಅಣೆಕಟ್ಟು ಮುಗಿದಾಗ ಎಚ್.ಡಿ. ಕೋಟೆ ತಾಲ್ಲೂಕಿನ ಹಲವು ಹಳ್ಳಿಗಳು ನೀರಿನಡಿ ಹೋದವು. ಹೊಲವಿದ್ದವರಿಗೆ ಒಂದಿಷ್ಟು ಪರಿಹಾರದ ಲೆಕ್ಕವಾದರೂ ಇತ್ತು. ಕಾಡನ್ನೇ ನಂಬಿದ್ದ ಜೇನುಕುರುಬರಿಗೆ ಯಾವ ಲೆಕ್ಕ? ನಾಗರಹೊಳೆ ರಾಷ್ಟ್ರೀಯ ಉದ್ಯಾನವಾದ ಮೇಲೆ ಹಾಡಿಗಳು ಒಂದೊಂದಾಗಿ ಹೊರಬಂದವು. ಹೀಗೆ ಬಂದ ಹಲವು ಕುಟುಂಬಗಳನ್ನು ಹುಣಸೂರು ತಾಲ್ಲೂಕಿನ ನಾಗಾಪುರದಲ್ಲಿ ನೆಲೆಗೊಳಿಸಲಾಯಿತು. ತಮಾಷೆ ನೋಡಿ, ಅದೇ ಕಾಲದಲ್ಲಿ ಅದೇ ಕಾಡಿನ ಮೂರ್ಕಲ್‌ನಲ್ಲಿ ತಾಜ್ ಸಮೂಹದ ಪ್ರವಾಸಿ ವಸತಿಗೆ ಸರ್ಕಾರ ಜಾಗ ಗುತ್ತಿಗೆ ಕೊಟ್ಟಿತ್ತು. ಆದಿವಾಸಿಗಳು ಬೀದಿಗಿಳಿದರು, ನ್ಯಾಯಾಲಯಕ್ಕೂ ಹೋದರು. ಕೇಂದ್ರದ ಅನುಮತಿಯಿಲ್ಲದೆ ಅರಣ್ಯಭೂಮಿ ಕೊಟ್ಟದ್ದು ಸರಿಯಲ್ಲವೆಂದು 1997ರಲ್ಲಿ ಹೈಕೋರ್ಟ್ ಅದನ್ನು ತಡೆಯಿತು.

ನಾರ್ವೆಯ ಫೋಸನ್‌ನ ಕಥೆಯೂ ಇದರ ಅಣ್ಣತಮ್ಮನೇ. ಅಲ್ಲಿ ಸಾಮಿ ಜನ ಹಿಮಸಾರಂಗ ಮೇಯಿಸುತ್ತಿದ್ದ ಬೆಟ್ಟಗಳ ಮೇಲೆ 151 ಗಾಳಿಯಂತ್ರಗಳು ನಿಂತವು. ಪರವಾನಗಿ ಅವರ ಸಾಂಸ್ಕೃತಿಕ ಹಕ್ಕಿಗೆ ವಿರುದ್ಧವೆಂದು ದೇಶದ ಸುಪ್ರೀಂ ಕೋರ್ಟ್ 2021ರಲ್ಲಿ ತೀರ್ಪು ಕೊಟ್ಟಿತು. ಅಷ್ಟು ಹೊತ್ತಿಗೆ ಯಂತ್ರಗಳು ತಿರುಗುತ್ತಿದ್ದವು, ತೀರ್ಪಿನ ಮೇಲೂ ತಿರುಗಿದವು. ರಾಜಿಗೆ ಮತ್ತೆರಡು ವರ್ಷ ಹಿಡಿಯಿತು.

ಅಮೆರಿಕದಲ್ಲಿ ಗಾಳಿ ಉಲ್ಟಾ ಬೀಸಿದೆ. ರೋಡ್ ಐಲೆಂಡ್ ಕಡೆಯ ಕಡಲಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಮುಗಿದಿದ್ದ ‘ರೆವಲ್ಯೂಷನ್ ವಿಂಡ್’ ಯೋಜನೆಯನ್ನು ಟ್ರಂಪ್ ಸರ್ಕಾರ 2025ರ ಆಗಸ್ಟ್‌ನಲ್ಲಿ ನಿಲ್ಲಿಸಿತು. ಸೆಪ್ಟೆಂಬರ್‌ನಲ್ಲಿ ನ್ಯಾಯಾಲಯ ಕೆಲಸ ಮುಂದುವರಿಸಲು ಬಿಟ್ಟಿತು. ಆಗಸ್ಟ್‌ನ ಆ ತಡೆಯನ್ನು ಮೀನುಗಾರರ ಗೆಲುವು ಎಂದು ಕೊಂಡಾಡುವವರಿದ್ದಾರೆ. ಒಬ್ಬರ ಸಹಿಯಿಂದ ಬಂದ ಗೆಲುವು ಮುಂದಿನವರ ಸಹಿಯಿಂದ ಹೋಗುತ್ತದೆ. ಅದನ್ನು ಹಕ್ಕು ಎನ್ನಲಾಗದು.

ಕಡಲಲ್ಲಿ ಹುಟ್ಟಿದ ಕರೆಂಟು ಕಡಲಲ್ಲೇ ಉಳಿಯುವುದೂ ಇಲ್ಲ. ತಂತಿಯ ಮೇಲೆ ನೆಲಕ್ಕೆ ಬರಬೇಕು, ಟವರುಗಳ ಮೇಲೆ ಊರೂರು ದಾಟಬೇಕು. ಮೈಸೂರು–ಕೋಝಿಕ್ಕೋಡ್ 400 ಕೆ.ವಿ. ಮಾರ್ಗಕ್ಕೆ ಕೊಡಗಿನಲ್ಲಿ ಸಾವಿರಾರು ಮರ ಉರುಳಿದಾಗ ಎದ್ದ ಕೂಗು ಪಿರಿಯಾಪಟ್ಟಣದವರಿಗೆ ಮರೆತಿರಲಿಕ್ಕಿಲ್ಲ. ಇಂಥ ಮಾರ್ಗಕ್ಕೆ ಜಮೀನನ್ನು ಸ್ವಾಧೀನ ಮಾಡಿಕೊಳ್ಳುವುದೇ ಇಲ್ಲ. 1885ರ ಟೆಲಿಗ್ರಾಫ್ ಕಾಯ್ದೆಯ ಅಧಿಕಾರದಲ್ಲಿ ಕಂಬ ನೆಟ್ಟು ನಷ್ಟ ಕಟ್ಟಿಕೊಡುತ್ತಾರೆ. ಟವರಿನ ಬುಡದ ಜಾಗಕ್ಕೆ ಜಮೀನು ಬೆಲೆಯ ಶೇ 85 ಎಂದಿದ್ದ ಮಾರ್ಗಸೂಚಿಯನ್ನು ಕೇಂದ್ರ 2024ರಲ್ಲಿ ಶೇ 200ಕ್ಕೆ ಏರಿಸಿತು; ತಂತಿ ಹಾಯುವ ಪಟ್ಟಿಗೆ ಹಳ್ಳಿಗಳಲ್ಲಿ ಶೇ 30. ಆದರೆ ಅದು ಮಾರ್ಗಸೂಚಿ ಮಾತ್ರ, ಒಪ್ಪುವುದು ಬಿಡುವುದು ರಾಜ್ಯಕ್ಕೆ ಬಿಟ್ಟದ್ದು. ಆನೆಗೆ ಆ ಪರಿಹಾರವೂ ಇಲ್ಲ. ದಸರೆಗೆ ಬಂದು ಹೋಗುತ್ತಿದ್ದ ಆನೆ ಅಶ್ವತ್ಥಾಮ 2024ರ ಜೂನ್‌ನಲ್ಲಿ ನಾಗರಹೊಳೆಯ ಭೀಮನಕಟ್ಟೆ ಶಿಬಿರದ ಬಳಿ ವಿದ್ಯುತ್ ತಗುಲಿ ಸತ್ತ. ಹೈಕೋರ್ಟ್ ತಾನೇ ಮುಂದಾಗಿ ಪ್ರಕರಣ ಕೈಗೆತ್ತಿಕೊಂಡಿತು.

ಇಷ್ಟೆಲ್ಲ ಹೇಳಿದ ಮಾತ್ರಕ್ಕೆ ಗಾಳಿಯಂತ್ರ ಬೇಡವೆಂದು ಅರ್ಥವಲ್ಲ. ರಾಯಚೂರಿನ ಕಲ್ಲಿದ್ದಲ ಹೊಗೆಗಿಂತ ಅದು ಎಷ್ಟೋ ವಾಸಿ. ಆದರೆ ಗಾಳಿ ನಮ್ಮಲ್ಲಿ ಜೋರಾಗಿ ಬೀಸುವುದು ಮುಂಗಾರಿನಲ್ಲಿ, ಕಬಿನಿ ತುಂಬಿ ಹರಿಯುವ ಹೊತ್ತಿನಲ್ಲಿ. ಕೆ.ಆರ್. ನಗರದ ರೈತನ ಪಂಪ್‌ಸೆಟ್ಟಿಗೆ ಕರೆಂಟು ಬೇಕಾಗುವುದು ಬೇಸಿಗೆಯಲ್ಲಿ. ಗಾಳಿ ಬಂದರೆ ಎಲ್ಲ ಕತ್ತಲೆ ಕಳೆಯಿತೆಂದು ಭಾಷಣ ಬಿಗಿಯುವವರು ಈ ಲೆಕ್ಕವನ್ನೂ ಹೇಳಬೇಕು.

ಕರ್ನಾಟಕಕ್ಕೆ 300 ಕಿಲೋಮೀಟರಿಗೂ ಹೆಚ್ಚು ಕಡಲತೀರವಿದೆ, ಕೇಂದ್ರದ ಮೊದಲ ಪಟ್ಟಿಯಲ್ಲಿ ಅದರ ಹೆಸರಿಲ್ಲ. ಇದು ಒಂದು ರೀತಿಯಲ್ಲಿ ಅದೃಷ್ಟ. ನಕ್ಷೆಯ ಮೇಲೆ ಯಾರೋ ಚೌಕ ಗೀಚುವ ಮುನ್ನ ಯಾವ ದೋಣಿ ಯಾವ ತಿಂಗಳು ಎಲ್ಲಿ ಬಲೆ ಬೀಸುತ್ತದೆ ಎಂಬುದನ್ನು ಮೀನುಗಾರಿಕೆ ಇಲಾಖೆ ಮೀನುಗಾರರ ಜೊತೆಗೇ ಕೂತು ಬರೆದಿಡಲಿ. ಕಾಡಿನವರ ಕಾಗದವಿಲ್ಲದ ಹಕ್ಕಿಗೆ 2006ರಲ್ಲಿ ಅರಣ್ಯ ಹಕ್ಕು ಕಾಯ್ದೆ ಬಂತು, ಗ್ರಾಮಸಭೆಗೆ ಮಾತು ಸಿಕ್ಕಿತು. ಅದರ ಜಾರಿಗಾಗಿ ಹುಣಸೂರು, ಕೋಟೆಯ ಹಾಡಿಗಳವರು ಇಂದಿಗೂ ಕಚೇರಿಗಳಿಗೆ ಅಲೆಯುತ್ತಿದ್ದಾರೆ. ಕಡಲಿನವರಿಗೆ ಅಲೆಯಲಿಕ್ಕೂ ಅಂಥದೊಂದು ಕಾಯ್ದೆ ಇನ್ನೂ ಬಂದಿಲ್ಲ.