ದಾಸೋಹಕ್ಕೆ ದೊರೆ ಬೇಡ



ಸಮಾಜಸೇವೆಗೆ ಸಮರ್ಥ ನಾಯಕತ್ವ ಬೇಕೆಂಬ ಮಾತು ಎಲ್ಲ ವೇದಿಕೆಗಳಲ್ಲಿಯೂ ಕೇಳಿಬರುತ್ತಿದೆ. ಬೇಕು, ನಿಜ. ಆದರೆ ಎಂತಹ ನಾಯಕತ್ವ? ನೂರು ಜನರಿಗೆ ಅನ್ನವಿಕ್ಕಿ ಸಾವಿರ ಜನರಿಗೆ ಭಾವಚಿತ್ರ ಹಂಚುವುದೇ? ಪಡೆದವನು ತಲೆ ತಗ್ಗಿಸಿ, ಕೊಟ್ಟವನು ಎದೆಯುಬ್ಬಿಸಿ ನಿಲ್ಲುವ ಕಡೆ ದಾನವಿರಬಹುದು, ದಾಸೋಹವಿಲ್ಲ. ನಾನು ದಾಸನೆಂಬ ಭಾವವೇ ದಾಸೋಹದ ಮೂಲ. ಅಲ್ಲಿ ನೀಡುವವನೇ ಕಿರಿಯ.

ಅಮೆರಿಕದ ವಿದ್ವಾಂಸ ಜೇಮ್ಸ್ ಮ್ಯಾಕ್‌ಗ್ರೆಗರ್ ಬರ್ನ್ಸ್ 1978ರ ತಮ್ಮ ಗ್ರಂಥದಲ್ಲಿ ಎರಡು ಬಗೆಯ ನಾಯಕತ್ವವನ್ನು ವಿವರಿಸಿದರು. ಕೊಟ್ಟು ಪಡೆಯುವ ವ್ಯವಹಾರದ ನಾಯಕತ್ವ ಒಂದು. ನಾಯಕನೂ ಅನುಯಾಯಿಯೂ ಪರಸ್ಪರರನ್ನು ನೈತಿಕವಾಗಿ ಮೇಲೆತ್ತುವ ಪರಿವರ್ತನಶೀಲ ನಾಯಕತ್ವ ಇನ್ನೊಂದು. ಈ ಎರಡನೆಯದನ್ನು ಹನ್ನೆರಡನೆಯ ಶತಮಾನದ ಶರಣರು ಬಾಳಿ ತೋರಿದ್ದರು. ಆಯ್ದಕ್ಕಿ ಮಾರಯ್ಯನವರು ಅಂದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮನವರು ಅದನ್ನು ಒಪ್ಪಲಿಲ್ಲ. ಇದ್ದೆಡೆಯಲ್ಲಿಯೇ ಸುರಿದು ಬರುವಂತೆ ಹೇಳಿದರು. ದಾಸೋಹದ ಹೆಸರಿನಲ್ಲಿ ಬಂದರೂ ಆಸೆ ಆಸೆಯೇ ಎಂಬುದು ಆ ತಾಯಿಯ ನಿಲುವು. ಅಲ್ಲಿ ನಾಯಕರಾರು? ಯಾವ ಪದವಿಯೂ ಇಲ್ಲದ ಲಕ್ಕಮ್ಮನವರೇ. ಇಂದು ನಮ್ಮ ಸೇವಾ ಸಮಿತಿಗಳಲ್ಲಿ ಅಧ್ಯಕ್ಷರಿಗೆ ಎದುರಾಗಿ ನಿಂತು, ಇದು ತಪ್ಪು ಎನ್ನುವ ಲಕ್ಕಮ್ಮನವರಿಗೆ ಎಡೆಯಿದೆಯೇ? ಹಾಗೆಂದವರನ್ನು ಮುಂದಿನ ಸಭೆಗೆ ಕರೆಯುತ್ತೇವೆಯೇ?

ದೊಡ್ಡ ಕಾರ್ಯಕ್ಕೆ ದೊಡ್ಡ ಹೆಸರು ಬೇಕು, ಪ್ರಚಾರವಿಲ್ಲದೆ ಧನ ಬಾರದು ಎಂದು ಕೆಲವರು ವಾದಿಸುವರು. ಅವರು ಸಿದ್ಧಗಂಗೆಯ ಕಡೆ ನೋಡಲಿ. 1941ರಲ್ಲಿ ಮಠದ ಹೊಣೆ ಹೊತ್ತ ಡಾ. ಶ್ರೀ ಶಿವಕುಮಾರ ಮಹಾಸ್ವಾಮಿಗಳು ಹಳ್ಳಿ ಹಳ್ಳಿಗೆ ಭಿಕ್ಷೆಗೆ ನಡೆದರು. ಜಾತಿಮತ ನೋಡದೆ ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯ ನೀಡಿದರು. ಅಲ್ಲಿ ಮೊದಲು ಬಂದದ್ದು ಜೋಳಿಗೆ. ಹೆಸರು ಅನಂತರ ತಾನೇ ಬಂತು. ಆ ಜೋಳಿಗೆಗೆ ಒಂದು ಹಿಡಿ ರಾಗಿ ಹಾಕಿದ ಬಡ ರೈತನೂ ದಾಸೋಹಿಯಾದ. ಪರಿವರ್ತನೆಯೆಂದರೆ ಇದೇ. 2019ರ ಜನವರಿ 21ರಂದು ಪೂಜ್ಯರು ಲಿಂಗೈಕ್ಯರಾದಾಗ, ಅವರ ಇಚ್ಛೆಯಂತೆ, ಮಕ್ಕಳ ಪ್ರಸಾದ ಮುಗಿದ ಮೇಲೆಯೇ ಸುದ್ದಿಯನ್ನು ತಿಳಿಸಲಾಯಿತು. ತನ್ನ ಸಾವಿಗಿಂತಲೂ ಮಗುವಿನ ತುತ್ತು ಮೊದಲೆಂದವರು ನಾಯಕರು. ತನ್ನ ಭಾಷಣ ಮುಗಿಯುವವರೆಗೆ ಹಸಿದವರನ್ನು ಕಾಯಿಸುವವನು ನಾಯಕನಲ್ಲ.

ಆದ್ದರಿಂದ ಸೇವೆಯ ಮುಂದಾಳುಗಳನ್ನು ಮೂರು ಪ್ರಶ್ನೆ ಕೇಳೋಣ. ಪಂಕ್ತಿ ಎದ್ದ ಮೇಲೆ ಎಲೆ ಎತ್ತುವವರಲ್ಲಿ ನೀವಿದ್ದೀರಾ? ಬಂದದ್ದೆಷ್ಟು, ಖರ್ಚಾದದ್ದೆಷ್ಟು ಎಂಬ ಲೆಕ್ಕ ಎಲ್ಲರ ಮುಂದಿದೆಯೇ? ನಿನ್ನೆ ಉಂಡವರಲ್ಲಿ ಒಬ್ಬರಾದರೂ ಇಂದು ಬಡಿಸಲು ನಿಂತಿದ್ದಾರೆಯೇ?

ಈ ಪ್ರಶ್ನೆಗಳು ಮೊದಲು ನಮಗೇ ತಗಲಲಿ. ನಾವಿಲ್ಲದ ದಿನವೂ ಒಲೆ ಉರಿದರೆ ನಮ್ಮ ಸೇವೆ ಸಾರ್ಥಕ.